ಮೂರು ಎಣಿಸುವಷ್ಟು ಹೊತ್ತು

ಹೊಸ್ತಿಲು ಮೊದಲ ದಿನ ನನ್ನನ್ನು ಒಳಗೆ ಬಿಡಲಿಲ್ಲ.

ಹೊಸ್ತಿಲು ಎಂದರೆ ತೊರೆಕಟ್ಟೆ ನೀರು ಶುದ್ಧೀಕರಣ ಘಟಕದ ಫೈರ್‌ವಾಲ್. ಊರಿನ ನೀರನ್ನು ನಡೆಸುವ ಕಂಪ್ಯೂಟರುಗಳಿಗೂ ಹೊರಗಿನ ಜಗತ್ತಿಗೂ ನಡುವೆ ಕೂತಿರುವ ಕಾವಲು. ಅದಕ್ಕೆ ಪಾಸ್‌ವರ್ಡ್ ಇಲ್ಲ. ಪಾಸ್‌ವರ್ಡನ್ನು ಜನ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ, ಫೋನಿನಲ್ಲಿ ಕೂಗಿ ಹೇಳುತ್ತಾರೆ. ಹಾಗಾಗಿ ಅದನ್ನೇ ತೆಗೆದುಹಾಕಿದ್ದರು. ಹೊಸ್ತಿಲು ಮನುಷ್ಯನನ್ನು ಗುರುತಿಸುವುದು ಅವನು ಟೈಪ್ ಮಾಡುವ ರೀತಿಯಿಂದ. ಬೆರಳು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ತಡವರಿಸುತ್ತದೆ, ಎಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತುವ ಸದ್ದಿನಿಂದಲೇ ಬಂದವರು ಯಾರೆಂದು ಮನೆಯವರಿಗೆ ತಿಳಿಯುವುದಿಲ್ಲವೇ, ಹಾಗೆ. ಹೀಗೆ ಕಲಿತಿಟ್ಟ ದಾಖಲೆಯನ್ನು ಕಚೇರಿಯಲ್ಲಿ ‘ಹೆಜ್ಜೆ’ ಎನ್ನುತ್ತಿದ್ದರು.

ನಾನು ಕೂತದ್ದು ಗುರುಮಲ್ಲೇಶನ ಕುರ್ಚಿಯಲ್ಲಿ. ಹೊಸ್ತಿಲಿಗೆ ಬೇಕಾಗಿದ್ದದ್ದು ಅವನ ಹೆಜ್ಜೆ. ಅವನು ಹೋಗಿ ಎಂಬತ್ತೊಂದು ದಿನವಾಗಿತ್ತು. ಕೆಲಸ ಮುಗಿಸಿ ಬರುವಾಗ ಬೈಪಾಸಿನ ತಿರುವಿನಲ್ಲಿ ಲಾರಿ. ಅವನು ನನ್ನ ಗಂಡ.

“ಇನ್ನೊಂಬತ್ತು ದಿನ ಅದೆ” ಎಂದರು ಯಾಲಕ್ಕಿಗೌಡರು. ಅವರು ಘಟಕದ ಹಿರಿಯ ಆಪರೇಟರ್. ಅನುಕಂಪದ ನೇಮಕಾತಿಗೆ ನನ್ನಿಂದ ಅರ್ಜಿ ಬರೆಸಿದವರು, ಅದು ಬರುವ ತನಕ ದಿನಗೂಲಿಯ ಲೆಕ್ಕದಲ್ಲಿ ನನ್ನನ್ನು ತಂದು ಕೂರಿಸಿದವರು ಅವರೇ. “ತೊಂಬತ್ತು ದಿನ ಯಾರೂ ತುಳೀದಿರೋ ಹೆಜ್ಜೇನ ಹೊಸ್ತಿಲು ತಾನೇ ಅಳ್ಸಾಕ್ಬುಡ್ತದೆ. ಹೆಜ್ಜೆ ಹೋದ್ರೆ ಹೆಡ್ಡಾಪೀಸಲ್ಲಿ ಸೀಟು ಖಾಲಿ ಅಂತ ತೋರಿಸ್ತದೆ. ಖಾಲಿ ಕಂಡ್ರೆ ಯಾರನ್ನಾರ ಎತ್ತಿ ಹಾಕ್ತರೆ. ನಿನ್ ಫೈಲು ಬರೋ ಹೊತ್ಗೆ ಸೀಟೇ ಇರಕಿಲ್ಲ.”

“ನನ್ನ ಹೆಸರಲ್ಲೇ ಒಂದು ಹೆಜ್ಜೆ ಮಾಡಿಸೋಕಾಗಲ್ವಾ ಸಾರ್?”

“ಆರ್ಡರ್ ಇಲ್ದೆ ಹೆಜ್ಜೆ ಇಲ್ಲ. ಸೀಟು ಇಲ್ದೆ ಆರ್ಡರ್ ಇಲ್ಲ. ಹೆಜ್ಜೆ ಇಲ್ದೆ ಸೀಟು ಇಲ್ಲ. ಗೌರ್ಮೆಂಟು ಕಣಮ್ಮ, ಗುಂಡ್ಗೆ ಸುತ್ತುಸ್ತದೆ. ನೀನು ಎಮ್ಮೆಸ್ಸಿ ಓದ್ದೋಳು. ಮಲ್ಲೇಶನ ಥರ ಟೈಪ್ ಮಾಡದು ಕಲಿ.”

ಹೀಗೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಗಂಡನ ಬೆರಳುಗಳ ಸರಾಸರಿಯನ್ನು ಕಲಿಯಲು ಕೂತೆ.

ಕೆಲಸ ಸಣ್ಣದು. ಗಂಟೆಗೊಮ್ಮೆ ನಾಲ್ಕು ಅಂಕಿ: ತೊಟ್ಟಿಯ ಮಟ್ಟ, ನೀರಿನ ಕದಡು, ಬಿಡುತ್ತಿರುವ ಕ್ಲೋರಿನ್, ನೀರಿನಲ್ಲಿ ಉಳಿದ ಕ್ಲೋರಿನ್. ಇವೆಲ್ಲ ತಾವಾಗಿಯೇ ಪರದೆಯ ಮೇಲೆ ಬರುತ್ತವೆ. ಆದರೂ ಮನುಷ್ಯನೊಬ್ಬ ಅವನ್ನು ಓದಿ ಇನ್ನೊಮ್ಮೆ ಟೈಪ್ ಮಾಡಬೇಕೆಂದು ನಿಯಮ. ಕಂಪ್ಯೂಟರ್ ಹೇಳಿದ್ದನ್ನು ಕಂಪ್ಯೂಟರಿಗೇ ತಿರುಗಿ ಹೇಳುವುದಕ್ಕೆ ಸಂಬಳವೇ ಎಂದು ಮದುವೆಯಾದ ಹೊಸದರಲ್ಲಿ ಅವನನ್ನು ಕೇಳಿ ನಕ್ಕಿದ್ದೆ.

ಮೊದಲ ದಿನ ನನ್ನ ಹೋಲಿಕೆ ನೂರಕ್ಕೆ ಇಪ್ಪತ್ತೆರಡು ಬಂತು. ಅರವತ್ತು ದಾಟದೆ ಹೊಸ್ತಿಲು ತೆರೆಯುವುದಿಲ್ಲ.

“ನೀನು ಓಡ್ತಿದೀಯ” ಎಂದರು ಗೌಡರು, ಹಿಂದೆ ನಿಂತು. “ಅವ್ನು ಎರಡೇ ಬೆರಳು. ಬಲಗೈದು ಒಂದು, ಎಡಗೈದು ಒಂದು. ಕೋಳಿ ಕಾಳು ಹೆಕ್ಕೋ ಹಂಗೆ. ಒಂದಂಕಿ ಹೊಡ್ದು ನಿಲ್ತಿದ್ದ. ಒಂದು, ಎರಡು, ಮೂರು. ಆಮೇಲೆ ಎಂಟರ್. ಮೂರು ಎಣಿಸ್ದೆ ಎಂಟರ್ ಒತ್ತಿದ್ದೇ ಇಲ್ಲ ಮಹಾರಾಯ. ಸ್ಪೀಡ್ ಬ್ರೇಕರ್ ಅಂತಿದ್ದೊ ನಾವು.”

“ಯಾಕೆ ನಿಲ್ತಿದ್ರು?”

“ಯಾಕೋ. ಅಭ್ಯಾಸ.”

ನಾನು ಎರಡೇ ಬೆರಳಲ್ಲಿ ಹೊಡೆದೆ. ನಿಂತೆ. ಒಂದು, ಎರಡು, ಮೂರು. ಎಂಟರ್. ಕುರ್ಚಿ ಒಂದೇ ಕಾಟ. ತಿರುಗುವ ಕುರ್ಚಿ, ಹಳೆಯದು, ಒಳಗೆ ಏನೋ ಸವೆದು ಕೂತ ತಕ್ಷಣ ಎಡಕ್ಕೆ ವಾಲಿ ತಿರುಗುತ್ತಿತ್ತು. ಮೇಜಿನ ಕಾಲಿಗೆ ಪಾದ ಒತ್ತಿ ಅದನ್ನು ನೆಟ್ಟಗೆ ಹಿಡಿದುಕೊಂಡು ಟೈಪ್ ಮಾಡುತ್ತಿದ್ದೆ.

ಎಂಟನೆಯ ದಿನ ಅರವತ್ತಮೂರು ಬಂತು. ಪರದೆಯ ಮೇಲೆ ಹಸಿರು ಗೆರೆ ಮೂಡಿತು. ‘ಗುರುಮಲ್ಲೇಶ್ ಎಂ. — ಒಳಗೆ.’

ಗೌಡರು ಕಣ್ಣೊರೆಸಿಕೊಂಡರು. ನಾನು ಒಂಬತ್ತು ಗಂಟೆಯ ಅಂಕಿಗಳನ್ನು ಹೊಡೆದೆ.

ತಪ್ಪೆಂದು ನನಗೆ ಗೊತ್ತಿತ್ತು. ಎಡಗಡೆ ಗೋಡೆಯ ಮೇಲೆಯೇ ಬರೆದಿತ್ತು. ಹೆಡ್ಡಾಫೀಸಿನಿಂದ ಬಂದ ದೊಡ್ಡ ಪೋಸ್ಟರ್: ‘ಕಂಪ್ಯೂಟರ್ ಸುರಕ್ಷತೆ: ಹತ್ತು ನಿಯಮಗಳು’. ಅಂಟಿಸಿ, ಅಂಟಿಸಿದ ಫೋಟೊ ತೆಗೆದು ಸಂಜೆಯೊಳಗೆ ಕಳಿಸಬೇಕೆಂದು ಆದೇಶವಿತ್ತಂತೆ. ನಾನು ಬರುವ ಹಿಂದಿನ ವಾರ ಗೌಡರು ಎಲ್ಲಿ ಜಾಗ ಕಂಡಿತೋ ಅಲ್ಲಿ ಅಂಟಿಸಿದ್ದರು. ಎರಡನೆಯ ನಿಯಮ: ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ನಡೆಯಬಾರದು.

*

ಮನೆಯಲ್ಲಿ ಅತ್ತೆ ನೀರು ಕಾಯಿಸುತ್ತಿದ್ದರು. ಎಲ್ಲ ನೀರನ್ನೂ. ಕುಡಿಯುವುದು, ಅಡುಗೆಗೆ ಬೇಕಾದದ್ದು, ಪಂಜರದ ಗಿಣಿಯ ಬಟ್ಟಲಿನದೂ.

ಮುಂಚೆ ಹಾಗಿರಲಿಲ್ಲ. ಮಗ ಸಂಜೆ ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ನಲ್ಲಿಯಿಂದ ಒಂದು ತಂಬಿಗೆ ಹಿಡಿದು ಜಗಲಿಗೆ ಬರುತ್ತಿದ್ದರು. “ಕುಡೀಬೋದೇನ್ಲಾ ಇವತ್ತು?” ಎಂದು ಕೇಳುತ್ತಿದ್ದರು. “ಕುಡಿಯವ್ವ. ನೋಡ್ಕಂಡೇ ಬಂದಿವ್ನಿ” ಎನ್ನುತ್ತಿದ್ದ. ಆಮೇಲೆ ಅವರೇ ಮೊದಲು ಎರಡು ಗುಟುಕು ಕುಡಿದು ತಂಬಿಗೆಯನ್ನು ಅವನ ಕೈಗೆ ಕೊಡುತ್ತಿದ್ದರು. ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಇದು ತಾಯಿ ಮಗನ ಆಟ ಎಂದುಕೊಂಡಿದ್ದೆ. ಕೇಳಿಸಿಕೊಳ್ಳುವುದನ್ನೂ ಬಿಟ್ಟಿದ್ದೆ.

ಅವನು ಹೋದ ಮೇಲೆ ಅತ್ತೆ ಕೇಳುವುದನ್ನು ನಿಲ್ಲಿಸಿ ನೀರು ಕಾಯಿಸತೊಡಗಿದರು. ನಾನು ಅದೇ ಕಚೇರಿಯಿಂದ, ಅದೇ ಹೊತ್ತಿಗೆ ಬಂದರೂ ಕೇಳಲಿಲ್ಲ.

“ಘಟಕದ್ ನೀರು ಶುದ್ಧವಾಗೇ ಇರ್ತದೆ ಅತ್ತೆ” ಎಂದೆ ಒಂದು ಸಲ. “ದಿನಾ ನಾನೇ ಅಂಕಿ ಹಾಕ್ತೀನಲ್ಲ.”

“ಹಾಕ್ತೀಯ” ಎಂದರು. ಪಾತ್ರೆಯ ಮುಚ್ಚಳ ಸರಿಸಿ ಕುದಿ ಬಂತೇ ಎಂದು ಬಗ್ಗಿ ನೋಡಿದರು.

*

ಘಟಕದಲ್ಲಿ ಎಲ್ಲರೂ ಬಳಸುವ ಬ್ರೌಸರ್ ಇರಲಿಲ್ಲ. ಇಲಾಖೆ ಅದನ್ನು ತೆಗೆಸಿ ‘ಕಿಂಡಿ’ ಎಂಬ ಬೇರೆ ಬ್ರೌಸರ್ ಹಾಕಿಸಿತ್ತು. ಕಿಂಡಿಯಲ್ಲಿ ಹನ್ನೊಂದು ವಿಳಾಸ ಮಾತ್ರ ತೆರೆಯುತ್ತವೆ. ಚಿತ್ರವಿಲ್ಲ, ಜಾಹೀರಾತಿಲ್ಲ, ಹೊರಗಿನ ಯಾವ ಪುಟವೂ ಅದರ ಮೂಲಕ ಕಂಪ್ಯೂಟರಿನೊಳಗೆ ತನ್ನ ಬೀಜ ಬಿತ್ತುವ ಹಾಗಿಲ್ಲ. “ಕ್ರಿಕೆಟ್ ಸ್ಕೋರೂ ಕಾಣದಂಥ ಕಿಂಡಿ” ಎಂದು ಗೌಡರು ಬೈದುಕೊಳ್ಳುತ್ತಿದ್ದರು.

ಆದರೆ ನನ್ನ ನೇಮಕಾತಿಯ ಕಡತ ಎಲ್ಲಿದೆ ಎಂದು ತೋರಿಸುವ ಪುಟ ಕಿಂಡಿಯಲ್ಲಿ ತೆರೆಯುತ್ತಿರಲಿಲ್ಲ. ಅದು ಹಳೆಯ ಬ್ರೌಸರಿನಲ್ಲಿ ಮಾತ್ರ ತೆರೆಯುವಂತೆ ಯಾರೋ ಎಂದೋ ಮಾಡಿಟ್ಟದ್ದು. ಗೌಡರು ಹಳೆಯದನ್ನು ಎಲ್ಲಿಂದಲೋ ತಂದು ಮಲ್ಲೇಶನ ಕಂಪ್ಯೂಟರಿನಲ್ಲಿ ಹಾಕಿದರು. ಹೊಸ್ತಿಲಿಗೆ ತಮ್ಮ ಹೆಜ್ಜೆಯಿಂದಲೇ ಒಂದು ವಿನಾಯಿತಿ ಬರೆದರು: ಇದನ್ನು ತಡೆಯಬೇಡ.

“ಇದು ಸರಿಯಲ್ಲ ಸಾರ್” ಎಂದೆ.

“ಒಂದೇ ಒಂದು ಬಾಗ್ಲು ಕಣಮ್ಮ. ಅದೂ ನಿನ್ ಫೈಲ್ ನೋಡಕ್ಕೆ. ಹೆಡ್ಡಾಪೀಸ್ಗೆ ಹೋಗಿ ಕೇಳಿದ್ರೆ ಮನ್ಸರು ಅಂತ ನೋಡ್ತಾರಾ ನಿನ್ನ?”

ನಾನು ಇನ್ನೊಂದು ಸಲ ಹೇಳಲಿಲ್ಲ. ದಿನಾ ಹನ್ನೊಂದೂವರೆಗೆ, ಟೀ ಕುಡಿದ ಮೇಲೆ, ಗೌಡರು ಆ ಪುಟ ತೆರೆಯುತ್ತಿದ್ದರು. ಪರಿಶೀಲನೆಯಲ್ಲಿದೆ. ಪರಿಶೀಲನೆಯಲ್ಲಿದೆ. ಒಂದು ದಿನ ‘ಮೇಲಧಿಕಾರಿಗೆ ರವಾನಿಸಿದೆ’ ಎಂದು ಬಂದಾಗ ಎಲ್ಲರಿಗೂ ಬೋಂಡಾ ತರಿಸಿದರು. ಮರುದಿನ ಮತ್ತೆ ಪರಿಶೀಲನೆಯಲ್ಲಿತ್ತು.

ಎಂಟು ತಿಂಗಳು ಕಳೆಯಿತು. ನನ್ನ ಹೋಲಿಕೆ ನಿಧಾನವಾಗಿ ಏರಿ ಎಪ್ಪತ್ತನಾಲ್ಕರ ಹತ್ತಿರ ನಿಂತುಬಿಟ್ಟಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಕೆಲವು ದಿನ, ಮೂರು ಎಣಿಸುವಾಗ, ಅವನ ಹೆಸರಿನ ಮುಂದಿನ ಹಸಿರು ಗೆರೆಯನ್ನು ನೋಡುತ್ತಿದ್ದೆ. ಅವನ ಅಂಗಿಗಳನ್ನು ಕೊಟ್ಟಾಗಿತ್ತು. ಫೋನು ಲಾರಿಯ ಕೆಳಗೆ ಹೋಗಿತ್ತು. ಇದು ಇತ್ತು. ದಿನಕ್ಕೆ ಎಂಟು ಸಲ ನಾನು ಇದನ್ನು ತುಳಿದರೆ ಇರುತ್ತದೆ, ಬಿಟ್ಟರೆ ಇಲ್ಲ.

*

ಆಗಸ್ಟಿನಲ್ಲಿ ನದಿ ಕೆಂಪಗೆ ಹರಿಯುತ್ತಿತ್ತು. ಮೇಲಿನ ಎರಡು ಹಳ್ಳಿಗಳಲ್ಲಿ ಹದಿನಾಲ್ಕು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ಕ್ಲೋರಿನ್ ಸ್ವಲ್ಪ ಹೆಚ್ಚಿಸಿ ಎಂದು ಆರೋಗ್ಯ ಇಲಾಖೆಯ ಪತ್ರ ಬಂದಿತ್ತು.

ಆ ಸೋಮವಾರ ಬೆಳಿಗ್ಗೆ ನಾನು ಬೀಗ ಹಾಕಿ ಹೊರಟಾಗ ಅತ್ತೆ ಕೂಗಿದರು. ಅವರು ಎದುರು ಮನೆಯ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಗ್ಯಾಸ್ ಆಫ್ ಮಾಡ್ದೇನವ್ವ?”

“ಮಾಡ್ದೆ ಅತ್ತೆ.”

“ನೋಡ್ದಾ?”

“ಮಾಡಿದ್ದೀನಿ ಅಂದ್ನಲ್ಲ.”

“ಮಾಡದು ಬ್ಯಾರೆ, ನೋಡದು ಬ್ಯಾರೆ” ಎಂದರು ಅತ್ತೆ, ಎದುರು ಮನೆಯವಳ ಕಡೆ ತಿರುಗಿ. “ನಮ್ ಮಲ್ಲೇಶ ನೋಡು, ಆಫ್ ಮಾಡಿ, ನಾಕೆಜ್ಜೆ ಬಂದು, ತಿರ್ಗಾ ಹೋಗಿ ನೋಡೋನು. ಬೀಗ ಹಾಕಿ ಜಗ್ಗಿ ನೋಡೋನು. ಕಣ್ಣಲ್ಲಿ ಕಾಣ್ದೆ ದೇವ್ರುನ್ನೂ ನಂಬ್ತಿರ್ಲಿಲ್ಲ ಬಡ್ಡೀಮಗ.”

ಎದುರು ಮನೆಯವಳು ನಕ್ಕಳು. ನಾನು ಬೀಗ ತೆಗೆದು ಒಳಗೆ ಹೋಗಿ ನೋಡಿ ಬಂದೆ. ಆಫ್ ಆಗಿತ್ತು. ಬಸ್ಸು ತಪ್ಪಿತು.

ಒಂಬತ್ತು ಗಂಟೆಯ ಅಂಕಿಗಳನ್ನು ಒಂಬತ್ತು ಹತ್ತಕ್ಕೆ ಹಾಕಿದೆ. ಹತ್ತು ಗಂಟೆಯದನ್ನು ಹತ್ತಕ್ಕೆ. ಎಲ್ಲ ಸರಿಯಿತ್ತು. ಬಿಡುತ್ತಿರುವ ಕ್ಲೋರಿನ್ ಇರಬೇಕಾದಷ್ಟು, ಉಳಿದ ಕ್ಲೋರಿನ್ ಸೊನ್ನೆ ಪಾಯಿಂಟ್ ಆರು.

ಹನ್ನೊಂದು ಗಂಟೆಗೆ ಮೂರನೆಯ ಅಂಕಿ ಹೊಡೆದು ನಿಂತೆ. ಒಂದು, ಎರಡು. ಬೆಳಗಿನ ಮಾತು ತಲೆಯಲ್ಲಿತ್ತು. ಆಫ್ ಮಾಡಿ, ನಾಕೆಜ್ಜೆ ಬಂದು, ತಿರುಗಿ ಹೋಗಿ ನೋಡುವವನು. ಅಂಥವನು ಎಂಟರ್ ಒತ್ತುವ ಮೊದಲು ಸುಮ್ಮನೆ ಕೂತು ಮೂರು ಎಣಿಸುತ್ತಿದ್ದನೇ?

ಪಾದವನ್ನು ಮೇಜಿನ ಕಾಲಿನಿಂದ ತೆಗೆದೆ.

ಕುರ್ಚಿ ಎಡಕ್ಕೆ ತಿರುಗಿತು. ನಿಧಾನವಾಗಿ, ರೂಢಿಯ ಜಾಗಕ್ಕೆ ಹೋಗುವ ಎತ್ತಿನ ಹಾಗೆ, ಹೋಗಿ ನಿಂತಿತು. ನನ್ನ ಕಣ್ಣೆದುರಿಗೆ ಕಂಪ್ಯೂಟರ್ ಸುರಕ್ಷತೆಯ ಹತ್ತು ನಿಯಮಗಳಿದ್ದವು.

ಎದ್ದು ಹೋಗಿ ಪೋಸ್ಟರಿನ ಮೂಲೆ ಎತ್ತಿದೆ. ಹಿಂದೆ ಗೋಡೆಯಿರಲಿಲ್ಲ, ಗಾಜಿತ್ತು. ಗಾಜಿನಾಚೆ ಕ್ಲೋರಿನ್ ಕೋಣೆ. ಹಳದಿ ಸಿಲಿಂಡರುಗಳ ಪಕ್ಕದಲ್ಲಿ, ಈ ಕುರ್ಚಿಗೆ ನೇರವಾಗಿ ಕಾಣುವಂತೆ, ನಿಂತ ಗಾಜಿನ ನಳಿಗೆ. ಅದರೊಳಗೆ ಕಪ್ಪು ಗುಂಡು. ಅನಿಲ ಹರಿಯುತ್ತಿದ್ದರೆ ಗುಂಡು ಮೇಲೆ ತೇಲುತ್ತದೆ. ಹೆಚ್ಚು ಹರಿದಷ್ಟೂ ಮೇಲೆ. ಯಾವ ತಂತಿಯೂ ಇಲ್ಲ, ಯಾವ ಕಂಪ್ಯೂಟರಿಗೂ ಅದು ಗೊತ್ತಿಲ್ಲ. ನಳಿಗೆಯ ಮೇಲೆ, ನಡುಮಟ್ಟದಲ್ಲಿ, ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಗೆರೆ ಎಳೆದಿತ್ತು. ಆ ಬಾಟಲಿ ನನ್ನದು. ಎಲ್ಲಿ ಹೋಯಿತೆಂದು ಒಂದು ವಾರ ಹುಡುಕಿದ್ದೆ.

ಗುಂಡು ನಳಿಗೆಯ ತಳದಲ್ಲಿ ಬಿದ್ದಿತ್ತು.

“ಗೌಡ್ರೇ” ಎಂದೆ. ಸಾರ್ ಎನ್ನಲಿಲ್ಲ. “ಕ್ಲೋರಿನ್ ಹೋಗ್ತಿಲ್ಲ.”

“ಸ್ಕ್ರೀನಲ್ಲಿ ಅದೆ ಕಣಮ್ಮ.”

“ಇಲ್ಲಿ ಇಲ್ಲ.”

ಅವರು ಬಂದು ನೋಡಿದರು. ಲ್ಯಾಬಿನ ಕಪಾಟಿನಿಂದ ಪರೀಕ್ಷೆಯ ಬಾಟಲಿ ತಂದರು. ಘಟಕದಿಂದ ಹೊರಡುವ ಕೊಳವೆಯ ನಲ್ಲಿಯಿಂದ ಒಂದು ಗಾಜಿನ ಕೊಳವೆ ನೀರು ಹಿಡಿದು ಐದು ಹನಿ ಬಿಟ್ಟರು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಇಬ್ಬರೂ ಬೆಳಕಿಗೆ ಹಿಡಿದು ನೋಡುತ್ತಾ ನಿಂತೆವು. ನೀರು ನೀರಾಗಿಯೇ ಇತ್ತು.

ನಾನು ಹಿಂದಿನ ದಿನಗಳ ಅಂಕಿ ತೆಗೆದೆ. ಈ ದಿನ ಪರದೆಯ ಮೇಲೆ ಬರುತ್ತಿದ್ದದ್ದು ಕಳೆದ ಸೋಮವಾರದ ಅಂಕಿಗಳು. ಅದೇ ಸಾಲು, ಕೊನೆಯ ದಶಾಂಶದವರೆಗೆ. ಎರಡು ಸೋಮವಾರಗಳು ಹೀಗೆ ಒಂದೇ ಆಗಿರುವ ಸಂಭವ ಎಷ್ಟೆಂದು ನಾನು ಲೆಕ್ಕ ಹಾಕಬಲ್ಲೆ. ಆದರೆ ನೋಡಿರಲಿಲ್ಲ.

ಊರಿಗೆ ನೀರು ಬಿಡುವುದು ನಾಲ್ಕು ಗಂಟೆಗೆ. ಅರವತ್ತು ಸಾವಿರ ಜನ. ಗೌಡರು ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಒಳಗೆ ಹೋಗಿ ವಾಲ್ವನ್ನು ಕೈಯಿಂದ ತಿರುಗಿಸಿದರು. ನಾನು ಪೋಸ್ಟರನ್ನು ಕಿತ್ತು, ಗಾಜಿನ ಈಚೆ ನಿಂತು ಕೈ ಎತ್ತಿ ತೋರಿಸಿದೆ: ಮೇಲೆ, ಇನ್ನೂ ಮೇಲೆ, ಸಾಕು. ಗುಂಡು ಕೆಂಪು ಗೆರೆಗೆ ಬಂದು ನಡುಗುತ್ತಾ ನಿಂತಿತು. ಅಲ್ಲಿಂದ ಪ್ರತಿ ಅರ್ಧ ಗಂಟೆಗೆ ಪರೀಕ್ಷೆ. ಇಡೀ ತೊಟ್ಟಿಯ ನೀರು ಹಳದಿ ತೋರಿಸುವ ತನಕ ಊರಿಗೆ ಬಿಡಲಿಲ್ಲ. ನಾಲ್ಕೂವರೆಯಿಂದ ಫೋನು ಬಡಿದುಕೊಂಡಿತು.

“ಏನ್ರೀ, ದಿನಕ್ಕೊಂದೇ ಸಲ ಬಿಡೋದು, ಅದ್ರಲ್ಲೂ ಲೇಟಾ? ನಿದ್ದೆ ಹೊಡೀತಿದ್ದೀರಾ?” ಎಂದಳು ಒಬ್ಬಾಕೆ.

“ಹೂಂ. ಈಗ ಎದ್ದೆ” ಎಂದೆ.

ಆರೂ ಮುಕ್ಕಾಲಿಗೆ ಬಿಟ್ಟೆವು.

*

ಮರುದಿನ ಹೆಡ್ಡಾಫೀಸಿನಿಂದ ತಸ್ಲೀಮಾ ಮೇಡಂ ಬಂದರು. ಹೊಸ್ತಿಲನ್ನು ಕಟ್ಟಿದ ತಂಡದ ಇಂಜಿನಿಯರ್. ಮಲ್ಲೇಶನ ಕಂಪ್ಯೂಟರಿನ ಮುಂದೆ ಎರಡು ಗಂಟೆ ಕೂತಿದ್ದರು. ಕುರ್ಚಿ ಅವರನ್ನೂ ಎಡಕ್ಕೆ ತಿರುಗಿಸುತ್ತಿತ್ತು.

“ಹಳೇ ಬ್ರೌಸರಿಂದ ಒಂದು ಪ್ರೋಗ್ರಾಂ ಒಳಗೆ ಬಂದಿದೆ” ಎಂದರು. “ಮೂರು ವಾರದ ಹಿಂದೆ. ಬಂದು ಸುಮ್ಮನೆ ಕೂತಿತ್ತು. ಇಲ್ಲಿರೋ ಹೆಜ್ಜೆಯ ಅಚ್ಚನ್ನು ಓದಿ ಕಲಿತಿದೆ. ನಿನ್ನೆ ಎಂಟು ಇಪ್ಪತ್ತಕ್ಕೆ, ನೀವಿನ್ನೂ ಬಂದಿರಲಿಲ್ಲ, ಅದು ನಡೆದಿದೆ. ಕ್ಲೋರಿನ್ ನಿಲ್ಲಿಸೋ ಆಜ್ಞೆ ಕೊಟ್ಟು, ಪರದೆಗೆ ಹಳೇ ಅಂಕಿ ಹರಿಸಿದೆ. ಬನ್ನಿ, ನೋಡಿ.”

ಪರದೆಯ ಮೇಲೆ ಒಂದು ಸಾಲಿತ್ತು. ‘ಗುರುಮಲ್ಲೇಶ್ ಎಂ. — ಒಳಗೆ. ಹೋಲಿಕೆ: 98.’

ತೊಂಬತ್ತೆಂಟು. ನಾನು ಎಂಟು ತಿಂಗಳು ನಡೆದರೂ ಎಪ್ಪತ್ತನಾಲ್ಕು ದಾಟಿರಲಿಲ್ಲ.

“ಎಷ್ಟು ಚೆನ್ನಾಗಿ ಕಲಿತಿದೆ ನೋಡಿ. ಅಂಕಿ ಆದ ಮೇಲೆ ಮೂರು ಸೆಕೆಂಡು ನಿಲ್ಲೋದನ್ನೂ ಬಿಟ್ಟಿಲ್ಲ.”

ನಾನು ಆ ಸಾಲನ್ನೇ ನೋಡುತ್ತಿದ್ದೆ. ಕ್ಲೋರಿನ್ ಸೊನ್ನೆ ಎಂದು ಹೊಡೆದು ಅದು ನಿಂತಿತ್ತು. ಮೂರು ಸೆಕೆಂಡು ನಿಂತಿತ್ತು, ಏನನ್ನೂ ನೋಡದೆ. ನನ್ನ ಹಾಗೆ.

“ಯಾರು, ಯಾಕೆ ಅಂತ ಗೊತ್ತಾಗುತ್ತಾ ಮೇಡಂ?”

“ಕಷ್ಟ. ಯಾರೋ ಕೈ ಪರೀಕ್ಷೆ ಮಾಡ್ಕೊಂಡಿರಬಹುದು. ದೊಡ್ಡ ಊರಿಗೆ ಹೋಗೋ ಮುಂಚೆ.” ಅವರು ಕನ್ನಡಕ ತೆಗೆದರು. “ಒಂದು ಮಾತು. ಈ ಹೆಜ್ಜೆ ಎಂಟು ತಿಂಗಳ ಹಿಂದೇನೇ ಅಳಿಸಿಹೋಗಬೇಕಿತ್ತು. ಇದನ್ನ ಯಾರು ಇಟ್ಟರು? ಹಳೇ ಬ್ರೌಸರ್ ಯಾರು ಹಾಕಿದ್ದು? ನಾನು ವರದಿ ಬರೀಬೇಕು.”

ಗೌಡರು ಬಾಗಿಲಲ್ಲಿ ನಿಂತಿದ್ದರು. ನಿವೃತ್ತಿಗೆ ಐದು ತಿಂಗಳಿತ್ತು.

“ಹೆಜ್ಜೆ ಇಟ್ಟಿದ್ದು ನಾನು” ಎಂದೆ.

“ಬ್ರೌಸರ್ ಹಾಕಿದ್ದು ನಾನು” ಎಂದರು ಅವರು. “ಹೆಜ್ಜೇಲಿ ನಡಿ ಅಂದಿದ್ದೂ ನಾನೇ. ಎಲ್ಡೂ ಬರ್ಕಳಿ ಮೇಡಂ. ಈ ಮಗೂದು ಏನಿಲ್ಲ.”

“ನನಗೆ ಗೊತ್ತಿತ್ತು ಮೇಡಂ. ಅದನ್ನೂ ಬರೀರಿ.”

ತಸ್ಲೀಮಾ ಮೇಡಂ ನಮ್ಮಿಬ್ಬರನ್ನೂ ನೋಡಿದರು. ನನ್ನ ಹಣೆ, ಕೊರಳು, ಮೇಜಿನ ಮೇಲಿನ ಅವನ ಹೆಸರಿನ ಪಟ್ಟಿ. ಅವರಿಗೆ ಅರ್ಥವಾಯಿತೆಂದು ನನಗೆ ತಿಳಿಯಿತು.

“ಹೆಜ್ಜೆಯನ್ನ ಈಗಲೇ ಅಳಿಸಬೇಕು. ಅದನ್ನ ಕದ್ದವರ ಹತ್ತಿರ ಅದರ ಪ್ರತಿ ಇದೆ. ಇಲ್ಲಿ ಇರೋವರೆಗೂ ಅವರು ಮತ್ತೆ ಬರಬಹುದು” ಎಂದು ನಿಧಾನವಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿದರು. “ಇದರಲ್ಲಿ ಅವರ ಐದು ವರ್ಷದ ಟೈಪಿಂಗ್ ಇದೆ. ಪ್ರತಿ ಅಕ್ಷರ, ಪ್ರತಿ ಬಿಡುವು. ಕೊಡೋ ಹಾಗಿಲ್ಲ. ಆದರೆ ನಾನು ಐದು ನಿಮಿಷ ಟೀ ಕುಡಿಯೋಕೆ ಹೋಗ್ತೀನಿ. ನಿಮ್ಮ ಹತ್ತಿರ ಪೆನ್‌ಡ್ರೈವ್ ಇದ್ದರೆ…”

ನನ್ನ ಚೀಲದಲ್ಲಿ ಪೆನ್‌ಡ್ರೈವ್ ಇತ್ತು.

ಗೌಡರು ನನಗೆ ಹೆಜ್ಜೆ ಉಳಿಸಿಕೊಟ್ಟದ್ದು ಹೀಗೆಯೇ. ಬಾಗಿಲು ತೆಗೆದುಕೊಟ್ಟದ್ದೂ ಹೀಗೆಯೇ. ಎರಡು ತೂತುಗಳನ್ನೂ ಕೊರೆದವರು ಕಳ್ಳರಲ್ಲ. ನನ್ನ ಮೇಲೆ ಕನಿಕರ ಪಟ್ಟವರು ಕೊರೆದರು, ನಾನು ಸುಮ್ಮನೆ ಕೂತೆ. ಈಗ ಮೂರನೆಯದು.

“ಬೇಡ ಮೇಡಂ” ಎಂದೆ. “ಅಳಿಸಿ.”

“ಖಂಡಿತಾನಾ?”

“ಅವರು ಹೇಗೆ ನಿಲ್ತಿದ್ರು ಅನ್ನೋದು ಮಾತ್ರ ಅದ್ರಲ್ಲಿದೆ. ಯಾಕೆ ಅನ್ನೋದು ಇಲ್ಲ.”

ಅವರು ಎಂಟರ್ ಒತ್ತಲು ಹೊರಟು, ನನ್ನ ಮುಖ ನೋಡಿ, ಕುರ್ಚಿಯಿಂದ ಎದ್ದರು. ನಾನು ಕೂತೆ. ಕುರ್ಚಿ ಎಡಕ್ಕೆ ತಿರುಗಿತು, ಬಿಟ್ಟೆ. ಗುಂಡು ಕೆಂಪು ಗೆರೆಯ ಮೇಲಿತ್ತು. ಕೈ ಚಾಚಿ ಒತ್ತಿದೆ. ಹಸಿರು ಗೆರೆ ಹೋಯಿತು. ಹೆಸರು ಹೋಯಿತು. ‘ಈ ಸ್ಥಾನ ಖಾಲಿ ಇದೆ’ ಎಂದು ಬಂತು.

*

ಸೀಟು ಖಾಲಿಯೆಂದು ತೋರಿಸಿದ ಮೇಲೆ ನಾನು ಮನೆಯಲ್ಲಿ ಕೂತೆ. ಗೌಡರನ್ನು ನದಿ ದಂಡೆಯ ಪಂಪ್‌ಹೌಸಿಗೆ ವರ್ಗ ಮಾಡಿದರು. ಹೋಗುವ ಮುಂಚೆ ಮನೆಗೆ ಬಂದು ಅತ್ತೆಯ ಕೈಯ ಕಾಫಿ ಕುಡಿದರು. “ಅಲ್ಲಿ ಕಂಪ್ಯೂಟ್ರೇ ಇಲ್ಲ ಕಣಮ್ಮ, ಮೀನು ಹಿಡೀಬೋದು” ಎಂದರು. ವಿಚಾರಣೆ ನಡೆಯಿತು. ನನ್ನ ತಪ್ಪನ್ನೂ ಬರೆದಿದ್ದರು, ಹನ್ನೊಂದು ಗಂಟೆಗೆ ನಾನು ಕಂಡದ್ದನ್ನೂ ಬರೆದಿದ್ದರು. ಯಾವುದನ್ನು ಹೆಚ್ಚು ಓದಿದರೋ ಗೊತ್ತಿಲ್ಲ. ಎರಡೂವರೆ ತಿಂಗಳಾದ ಮೇಲೆ ಅಂಚೆಯಲ್ಲಿ ಆದೇಶ ಬಂತು. ಅದೇ ಘಟಕ, ಅದೇ ಕುರ್ಚಿ, ನನ್ನ ಹೆಸರು.

ಹೊಸ ಹೆಜ್ಜೆ ಮಾಡಿಸಲು ತಸ್ಲೀಮಾ ಮೇಡಂ ಫೋನಿನಲ್ಲಿದ್ದರು. ಎರಡು ಗಂಟೆ ನನ್ನದೇ ರೀತಿಯಲ್ಲಿ ಕೆಲಸ ಮಾಡಬೇಕು. ಹೊಸ್ತಿಲು ನೋಡಿ ಕಲಿಯುತ್ತದೆ. ಹತ್ತು ಬೆರಳಲ್ಲಿ ಟೈಪ್ ಮಾಡಿದೆ. ಬಹಳ ದಿನವಾಗಿದ್ದರಿಂದ ಕೈ ಎಡವುತ್ತಿತ್ತು. ಪೋಸ್ಟರನ್ನು ಬಾಗಿಲ ಹಿಂದೆ ಅಂಟಿಸಿ ಅದರ ಫೋಟೊ ಕಳಿಸಿಯಾಗಿತ್ತು.

“ದಾಕ್ಷಾಯಿಣಿ” ಎಂದರು ಮೇಡಂ, ಸ್ವಲ್ಪ ಹೊತ್ತಿನ ಮೇಲೆ. “ಬೆರಳು ನಿಮ್ಮದೇ. ಬೇರೆಲ್ಲ ನಿಮ್ಮದೇ. ಆದರೆ ಅಂಕಿ ಆದ ಮೇಲೆ ಮೂರು ಸೆಕೆಂಡು ಬಿಡುವು ಬರ್ತಿದೆ. ಅವರ ಥರ ನಿಲ್ಲಬೇಡಿ. ಇನ್ನು ಬೇಕಾಗಿಲ್ಲ.”

“ನಿಲ್ತಾ ಇಲ್ಲ ಮೇಡಂ” ಎಂದೆ. “ನೋಡ್ತಾ ಇದ್ದೀನಿ.”

“ಸರಿ, ಹಾಗಾದ್ರೆ ಇರಲಿ” ಎಂದರು.

ಸಂಜೆ ಮನೆಗೆ ಬಂದೆ. ಗೇಟು ತೆಗೆದಾಗ ಅತ್ತೆ ಜಗಲಿಯಲ್ಲಿ ನಿಂತಿದ್ದರು. ಕೈಯಲ್ಲಿ ತಂಬಿಗೆ. ನಲ್ಲಿಯ ನೀರು, ಹೊರಗೆಲ್ಲ ತಣ್ಣಗೆ ಬೆವೆತಿತ್ತು. ಬೇರೆಲ್ಲೋ ನೋಡುತ್ತಾ ಕೇಳಿದರು.

“ಕುಡೀಬೋದಾ ಇವತ್ತು?”

“ಕುಡೀರಿ ಅತ್ತೆ” ಎಂದೆ. “ನೋಡ್ಕಂಡೇ ಬಂದಿವ್ನಿ.”

ಅವರು ಎರಡು ಗುಟುಕು ಕುಡಿದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು.